ಹಳೆಯ ಕಾರಿನ ಬಾಗಿಲ ಹಿಡಿ ಮತ್ತು ಗಾಜಿನ ಹ್ಯಾಂಡಲ್ ಬಿಚ್ಚುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಕಾರಿನ ಬಾಗಿಲಿನೊಳಗೆ ಯಾವ ಕೆಲಸವಿದ್ದರೂ, ಅದು ಗಾಜನ್ನು ಏರಿಸಿ ಇಳಿಸುವ ಸವೆದ ರೆಗ್ಯುಲೇಟರ್ ಬದಲಿಸುವುದಿರಲಿ, ಗಾಜಿನ ಬೀಡಿಂಗ್ ಹೊಸದಾಗಿ ಹಾಕುವುದಿರಲಿ, ತುಕ್ಕು ಹಿಡಿದ ಅಡಿಭಾಗವನ್ನು ಉಜ್ಜಿ ಬಣ್ಣ ಬಳಿಯುವುದಿರಲಿ, ಮೊದಲು ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮುಖವನ್ನು ಮುಚ್ಚಿರುವ ಹಲಗೆ, ಕಳಚಲೇಬೇಕು. ಡೋರ್ ಪ್ಯಾಡ್ ಕಳಚಬೇಕಾದರೆ ಅದನ್ನು ಹೊರಗಿನಿಂದ ಒತ್ತಿ ಹಿಡಿದಿರುವ ಒಳಹಿಡಿ ಮತ್ತು ಗಾಜು ಏರಿಸಿ ಇಳಿಸುವ ಹ್ಯಾಂಡಲ್, ಇವೆರಡೂ ಮೊದಲು ಕೈಗೆ ಬರಬೇಕು. ನಾನು ಕಂಡಂತೆ ಹಳೆಯ ಬಾಗಿಲುಗಳಿಗೆ ಅತಿ ಹೆಚ್ಚು ಗಾಯವಾಗುವುದು ಈ ಹಂತದಲ್ಲೇ. ಹ್ಯಾಂಡಲನ್ನು ಹಿಡಿದಿರುವ ಕ್ಲಿಪ್ಪೋ ಪಿನ್ನೋ ಕಣ್ಣಿಗೆ ಕಾಣುವುದಿಲ್ಲ, ಕಾಣದ್ದರಿಂದ ಎಳೆದು ನೋಡೋಣ ಎನ್ನಿಸುತ್ತದೆ, ಎಳೆದರೆ ಬರುವುದಿಲ್ಲ, ಬರದಿದ್ದಾಗ ಉದ್ದನೆಯ ಸ್ಕ್ರೂಡ್ರೈವರನ್ನು ಹಿಂದೆ ತೂರಿಸಿ ಮೀಟುತ್ತೇವೆ. ನಾನು ಮೊದಲ ಬಾರಿ ಹಾಗೆ ಮೀಟಿದಾಗ ಹ್ಯಾಂಡಲಿನ ಬುಡ ಗಾಜಿನ ಬಳೆಯಂತೆ ಫಟ್ಟನೆ ಎರಡಾಯಿತು, ಸ್ಕ್ರೂಡ್ರೈವರಿನ ತುದಿ ಜಾರಿ ರೆಕ್ಸಿನ್ನಿನಲ್ಲಿ ಒಂದು ಅಂಗುಲದ ಸೀಳು ಬಿಟ್ಟಿತು, ಕ್ಲಿಪ್ ಮಾತ್ರ ಇದ್ದಲ್ಲೇ ಇತ್ತು.

ಆದ್ದರಿಂದ ಮುಂದಿನ ಬರಹದಲ್ಲಿ ಬಿಚ್ಚುವುದರಷ್ಟೇ ಜಾಗವನ್ನು ನೋಡುವುದಕ್ಕೂ ಕೊಟ್ಟಿದ್ದೇನೆ. ಯಾವುದು ಹಿಡಿದಿದೆ ಎಂಬುದು ತಿಳಿದ ಮೇಲೆ ಬಿಚ್ಚುವುದು ಬಹುಪಾಲು ಸಂದರ್ಭಗಳಲ್ಲಿ ಎರಡು ನಿಮಿಷದ ಕೆಲಸ.

ಹಿಡಿದಿರುವುದು ಯಾವುದು

ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರ್ ಬಾಗಿಲಿನ ಒಳಗಿರುತ್ತದೆ. ಅದರಿಂದ ಒಂದು ಗಿಡ್ಡ ಉಕ್ಕಿನ ದಂಡ ಡೋರ್ ಪ್ಯಾಡಿನ ರಂಧ್ರದ ಮೂಲಕ ಹೊರಗೆ ಚಾಚಿರುತ್ತದೆ. ದಂಡದ ಮೈಮೇಲೆ ಉದ್ದಕ್ಕೆ ಸಣ್ಣ ಹಲ್ಲುಗಳಿರುತ್ತವೆ. ಇವನ್ನು ಸ್ಪ್ಲೈನ್ ಎನ್ನುತ್ತಾರೆ. ಹ್ಯಾಂಡಲಿನ ಬುಡದ ರಂಧ್ರದಲ್ಲೂ ಅದಕ್ಕೆ ಹೊಂದುವ ಹಲ್ಲುಗಳಿದ್ದು, ಒಂದರೊಳಗೊಂದು ಕೂತು ತಿರುಗುತ್ತವೆ. ಇನ್ನೂ ಹಳೆಯ ಕೆಲವು ಕಾರುಗಳಲ್ಲಿ ಹಲ್ಲುಗಳ ಬದಲು ಚೌಕ ದಂಡ ಇರುವುದುಂಟು. ತಿರುಗಿಸುವ ಬಲವೆಲ್ಲ ಈ ಹಲ್ಲುಗಳ ಮೇಲೆ ಬೀಳುತ್ತದೆ. ಕ್ಲಿಪ್ ಅಥವಾ ಸ್ಕ್ರೂವಿನ ಕೆಲಸ ಹ್ಯಾಂಡಲ್ ಹೊರಕ್ಕೆ ಜಾರಿ ಬರದಂತೆ ತಡೆಯುವುದಷ್ಟೇ. ಅಂದರೆ ಆ ತಡೆ ಸರಿದರೆ ಹ್ಯಾಂಡಲ್ ಕೈಯ ಹಗುರ ಎಳೆತಕ್ಕೇ ಬರಬೇಕು. ಬರುತ್ತಿಲ್ಲವೆಂದರೆ ಒಂದೋ ತಡೆ ಇನ್ನೂ ಇದೆ, ಇಲ್ಲವೇ ತುಕ್ಕು ಹಿಡಿದಿದೆ. ಎರಡಕ್ಕೂ ಮೀಟುವುದು ಉತ್ತರವಲ್ಲ.

ತಡೆಯುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಕುದುರೆ ಲಾಳದ ಆಕಾರದ ತಂತಿ ಕ್ಲಿಪ್. ಇದು ಹ್ಯಾಂಡಲಿನ ಬುಡದ ತೋಡಿನಲ್ಲಿ ಕೂತು ದಂಡದ ಸುತ್ತಲಿನ ಕಚ್ಚನ್ನು ಹಿಡಿಯುತ್ತದೆ. 1960 ಮತ್ತು 70ರ ದಶಕಗಳ ಷೆವರ್ಲೆ, ಪಾಂಟಿಯಾಕ್, ಬ್ಯೂಕ್ ಮೊದಲಾದ ಜನರಲ್ ಮೋಟಾರ್ಸ್ ಬಳಗದ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಎರಡನೆಯದು ಹ್ಯಾಂಡಲಿನ ಬುಡವನ್ನೂ ದಂಡವನ್ನೂ ಅಡ್ಡಲಾಗಿ ತೂರಿಕೊಂಡು ಹೋಗುವ ಪಿನ್. ಎರಡನೇ ಮಹಾಯುದ್ಧಕ್ಕೆ ಹಿಂದಿನ ಫೋರ್ಡ್ ಕಾರುಗಳಲ್ಲಿ ಮತ್ತು ಮೊದಮೊದಲಿನ ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲಿ ಈ ಏರ್ಪಾಡಿದೆ. ಮೂರನೆಯದು ಹ್ಯಾಂಡಲಿನ ನಡುವೆ ನೇರವಾಗಿ ದಂಡದ ತುದಿಗೆ ಇಳಿಯುವ ಸ್ಕ್ರೂ. ಬೀಟಲ್ ಮುಂದೆ ಹಿಡಿದ ದಾರಿಯೂ ಇದೇ. ಕಾರಿನ ಹೆಸರು ನೋಡಿ ಬಗೆಯನ್ನು ಊಹಿಸಿದರೆ ಮೋಸಹೋಗಬಹುದು. ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗ್‌ನಲ್ಲಿ ಆರಂಭದ ಕಾರುಗಳಿಗೆ ಕ್ಲಿಪ್ ಇದ್ದು, ಅನಂತರದವುಗಳಿಗೆ ಅಲೆನ್ ಸ್ಕ್ರೂ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಸ್ಕ್ರೂ) ಬಂದಿತು. ಅದೂ ಅಲ್ಲದೆ ಇಷ್ಟು ವರ್ಷಗಳಲ್ಲಿ ಯಾರೋ ಒಬ್ಬರು ಬೇರೆ ಕಾರಿನ ಹ್ಯಾಂಡಲ್ ತಂದು ಹಾಕಿರುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ.

ಹಾಗಾಗಿ ಹೀಗೆ ಪರೀಕ್ಷಿಸಿ. ಮೊದಲು ಹ್ಯಾಂಡಲಿನ ಮುಖವನ್ನು ನೋಡಿ. ನಡುವೆ ಸ್ಕ್ರೂವಿನ ತಲೆ ಕಂಡರೆ ಪ್ರಶ್ನೆಯೇ ಇಲ್ಲ. ಕಾಣದಿದ್ದರೆ ಮುಖದ ಮೇಲೆ ಪ್ಲಾಸ್ಟಿಕ್ ಮುಚ್ಚಳವೋ ತೆಳುವಾದ ಅಲಂಕಾರದ ಪಟ್ಟಿಯೋ ಇದೆಯೇ ಎಂದು ಉಗುರಿನಿಂದ ಅಂಚನ್ನು ಸವರಿ ತಿಳಿಯಿರಿ. ಉಗುರು ಎಲ್ಲಾದರೂ ತಡೆದರೆ ಅದರಡಿ ಸ್ಕ್ರೂ ಇರುವ ಸಂಭವ ಹೆಚ್ಚು. ಮುಖ ಅಖಂಡ ಲೋಹವಾಗಿದ್ದರೆ ಹ್ಯಾಂಡಲಿನ ಹಿಂದೆ ಇರುವ ಬಿಲ್ಲೆಯನ್ನು ಎರಡೂ ಹೆಬ್ಬೆರಳಿನಿಂದ ಪ್ಯಾಡಿನ ಕಡೆಗೆ ಒತ್ತಿ, ಸಂದಿಯೊಳಗೆ ಟಾರ್ಚ್ ಬಿಟ್ಟು ಸುತ್ತಲೂ ಇಣುಕಿ. ಬಿಲ್ಲೆ ಸ್ಪ್ರಿಂಗಿನಂತೆ ಸುಲಭವಾಗಿ ಒಳಸರಿದು ಬುಡದ ಪಕ್ಕದಲ್ಲಿ ಒಂದು ದುಂಡು ಚುಕ್ಕೆ ಕಂಡರೆ ಅದು ಪಿನ್ನಿನ ತುದಿ. ತಂತಿಯ ಎರಡು ಕಾಲುಗಳೋ ಅದರ ಬಾಗಿದ ಬೆನ್ನೋ ಹೊಳೆದರೆ ಅದು ಕ್ಲಿಪ್. ಮೊಬೈಲಿನ ಕ್ಯಾಮೆರಾವನ್ನು ಪ್ಯಾಡಿಗೆ ತಾಗಿಸಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡುವುದು ಕತ್ತು ತಿರುಚಿ ಇಣುಕುವುದಕ್ಕಿಂತ ಎಷ್ಟೋ ಮೇಲು.

ಕೈ ಹಾಕುವ ಮುನ್ನ

ಗಾಜನ್ನು ಪೂರ್ತಿ ಮೇಲಕ್ಕೇರಿಸಿ. ಹ್ಯಾಂಡಲ್ ತೆಗೆದ ಮಾತ್ರಕ್ಕೆ ಗಾಜು ಕೆಳಗೆ ಬೀಳುವುದಿಲ್ಲ. ರೆಗ್ಯುಲೇಟರಿನೊಳಗಿನ ಸುರುಳಿ ಸ್ಪ್ರಿಂಗ್ ಅದನ್ನು ನಿಂತಲ್ಲೇ ಹಿಡಿದಿರುತ್ತದೆ. ಆದರೆ ಮುಂದೆ ಬಾಗಿಲಿನೊಳಗೆ ಕೈ ಹಾಕುವಾಗ ಗಾಜು ಮೇಲಿದ್ದರೆ ಜಾಗವೂ ಸಿಗುತ್ತದೆ, ಗಾಜೂ ಉಳಿಯುತ್ತದೆ. ರೆಗ್ಯುಲೇಟರನ್ನೇ ಬಿಚ್ಚುವ ಉದ್ದೇಶವಿದ್ದರೆ ಮಾತ್ರ ಗಾಜಿಗೆ ಬೇರೆ ಆಸರೆ ಬೇಕು. ಗಾಜಿನ ಎರಡೂ ಮಗ್ಗುಲಲ್ಲಿ ರಬ್ಬರ್ ಬೆಣೆಗಳನ್ನು ಸಿಕ್ಕಿಸುವುದು ಸರಿಯಾದ ಕ್ರಮ.

ಗಾಜು ಮೇಲಿರುವಾಗ ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿದೆ, ಒಳಹಿಡಿ ಎಷ್ಟು ಓರೆಯಾಗಿದೆ ಎಂಬುದರ ಚಿತ್ರವನ್ನು ಎರಡೂ ಬಾಗಿಲುಗಳಲ್ಲಿ ತೆಗೆದಿಡಿ. ಸ್ಪ್ಲೈನಿನ ಹಲ್ಲುಗಳ ಮೇಲೆ ಹ್ಯಾಂಡಲನ್ನು ಯಾವ ಕೋನದಲ್ಲಾದರೂ ಕೂರಿಸಬಹುದಾದ್ದರಿಂದ, ಚಿತ್ರವಿಲ್ಲದಿದ್ದರೆ ಮರುಜೋಡಣೆಯಲ್ಲಿ ಅದು ಮೊಣಕಾಲಿಗೆ ಬಡಿಯುವ ಜಾಗದಲ್ಲಿ ನಿಲ್ಲುವುದು ಬಹುತೇಕ ಖಚಿತ.

ಬೇಕಾದ ಸಲಕರಣೆ ಹೆಚ್ಚೇನಿಲ್ಲ. ನೂಲು ಬಿಡದ ಒಂದು ಹತ್ತಿ ಬಟ್ಟೆಯ ಪಟ್ಟಿ, ಕವಲು ತುದಿಯ ಕ್ಲಿಪ್ ತೆಗೆಯುವ ಉಪಕರಣ, ತುದಿ ಬಾಗಿಸಿದ ಸೈಕಲ್ ಕಡ್ಡಿ, ಪಿನ್ನನ್ನು ಬಡಿದು ಹೊರದೂಡಲು ಅದಕ್ಕಿಂತ ತುಸು ತೆಳ್ಳಗಿನ ಪಂಚ್ (ಉಕ್ಕಿನ ಕಡ್ಡಿ), ಸಣ್ಣ ಸುತ್ತಿಗೆ, ಸರಿ ಅಳತೆಯ ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀ, ಅಗಲವಾದ ಮಾಸ್ಕಿಂಗ್ ಟೇಪ್, ಉದ್ದ ಹಿಡಿಯ ಅಯಸ್ಕಾಂತ, ತುಕ್ಕು ಬಿಡಿಸುವ ಎಣ್ಣೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದನ್ನು ಸಲಕರಣೆಯ ಪಟ್ಟಿಗೇ ಸೇರಿಸುತ್ತೇನೆ. ಬಿಗಿತದಲ್ಲಿರುವ ಉಕ್ಕಿನ ತಂತಿ ಮುಖದ ಎತ್ತರದಲ್ಲೇ ಚಿಮ್ಮುವ ಕೆಲಸವಿದು.

ಹ್ಯಾಂಡಲಿನ ಲೋಹದ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಬೇಕು. ನೋಡಲು ಉಕ್ಕಿನಂತೆ ಕಂಡರೂ ಇವು ಬಹುಪಾಲು ಸತುವಿನ ಮಿಶ್ರಲೋಹದ ಎರಕ. ಮೇಲೆ ಕ್ರೋಮ್ ಲೇಪನ. ಈ ಲೋಹ ಬಾಗುವುದಿಲ್ಲ, ಮುರಿಯುತ್ತದೆ. 380ರಿಂದ 390 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆಯಾದ್ದರಿಂದ ತುಕ್ಕು ಬಿಡಿಸಲೆಂದು ಗ್ಯಾಸ್ ಬೆಂಕಿ ಹಿಡಿಯುವ ಯೋಚನೆಯನ್ನೇ ಬಿಡಬೇಕು. ಅದರ ಹಿಂದಿರುವ ಡೋರ್ ಪ್ಯಾಡ್ ಇನ್ನೂ ನಾಜೂಕು. ರೆಕ್ಸಿನ್ನಿನಡಿ ಇರುವುದು ಒತ್ತಿ ಮಾಡಿದ ಹಾರ್ಡ್‌ಬೋರ್ಡ್. ದಶಕಗಳ ಕಾಲ ಬಾಗಿಲಿನೊಳಗಿನ ತೇವ ಕುಡಿದು ಉಬ್ಬಿದ ಈ ಹಲಗೆ, ರಂಧ್ರಗಳ ಸುತ್ತ ನೆನೆದ ರಟ್ಟಿನಂತೆ ಪದರು ಪದರಾಗಿ ಏಳುತ್ತದೆ.

ಲಾಳದ ಕ್ಲಿಪ್

ಹ್ಯಾಂಡಲಿನ ಸುತ್ತ ಪ್ಯಾಡಿನ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ. ರೆಕ್ಸಿನ್ ಒಣಗಿ ಬಿರುಕು ಬಿಟ್ಟಿದ್ದರೆ ಟೇಪ್ ಅದನ್ನೇ ಕಿತ್ತುಕೊಂಡು ಬರಬಹುದು. ಆಗ ಟೇಪ್ ಬಿಟ್ಟು, ನಡುವೆ ಸೀಳಿದ ತೆಳು ರಟ್ಟೊಂದನ್ನು ಬಿಲ್ಲೆಯ ಸುತ್ತ ತೂರಿಸಿದರೆ ಸಾಕು.

ಕವಲು ಉಪಕರಣವಿದ್ದರೆ, ಅದನ್ನು ಹ್ಯಾಂಡಲಿಗೂ ಬಿಲ್ಲೆಗೂ ನಡುವೆ, ಪ್ಯಾಡಿಗೆ ಸಮಾನಾಂತರವಾಗಿ ತೂರಿಸಬೇಕು. ಬಿಲ್ಲೆಗೂ ಪ್ಯಾಡಿಗೂ ನಡುವೆ ತೂರಿಸಿದರೆ ಎಷ್ಟು ಒತ್ತಿದರೂ ಕ್ಲಿಪ್ ಸಿಗುವುದಿಲ್ಲ; ಹೊಸಬರು ಎಡವುವುದು ಇಲ್ಲಿಯೇ. ಯಾವ ಕಡೆಯಿಂದ ತೂರಿಸಬೇಕು ಎಂಬುದನ್ನು ಕ್ಲಿಪ್ಪಿನ ಎರಡು ತೆರೆದ ಕಾಲುಗಳು ಹೇಳುತ್ತವೆ. ಕಾಲುಗಳು ಕಾಣುವ ಕಡೆಯಿಂದ ಕವಲನ್ನು ಒಳಬಿಟ್ಟು, ಒಂದೊಂದು ಕವಲಿನ ತುದಿಯೂ ಒಂದೊಂದು ಕಾಲಿನ ತುದಿಗೆ ಕೂತಿದೆ ಎಂದು ಖಾತ್ರಿಯಾದ ಮೇಲೆ ನೇರವಾಗಿ ಮುಂದಕ್ಕೆ ತಳ್ಳಿದರೆ ಕ್ಲಿಪ್ ಎದುರು ಕಡೆಗೆ ಹೊರಬರುತ್ತದೆ. ಬೆನ್ನು ಮಾತ್ರ ಕೈಗೆ ಸಿಗುವಂತಿದ್ದರೆ ಸೈಕಲ್ ಕಡ್ಡಿಯ ಕೊಕ್ಕೆಯನ್ನು ಬೆನ್ನಿನ ಒಳಮಗ್ಗುಲಿಗೆ ಸಿಕ್ಕಿಸಿ ತನ್ನ ಕಡೆಗೆ ಎಳೆಯಬೇಕು. ಕಾಲುಗಳು ಅನುಕೂಲವಿಲ್ಲದ ದಿಕ್ಕಿಗಿದ್ದರೆ ಹ್ಯಾಂಡಲನ್ನು ಅರ್ಧ ಸುತ್ತು ತಿರುಗಿಸಿಕೊಳ್ಳಿ. ಗಾಜು ಸ್ವಲ್ಪ ಇಳಿದರೆ ತೊಂದರೆಯೇನಿಲ್ಲ.

ಉಪಕರಣವಿಲ್ಲದಿದ್ದರೆ ಬಟ್ಟೆಯೇ ಸಾಕು, ಮತ್ತು ನಿಜ ಹೇಳಬೇಕೆಂದರೆ ನನಗೆ ಈಗಲೂ ಅದೇ ಇಷ್ಟ. ಸುಮಾರು 5 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಪಟ್ಟಿಯನ್ನು ಹ್ಯಾಂಡಲಿನ ಹಿಂದೆ, ಬಿಲ್ಲೆಯ ಮೇಲೆ ಬರುವಂತೆ, ಕಾಲುಗಳಿರುವ ಕಡೆಯಿಂದ ತೂರಿಸಿ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿಯಿರಿ. ಅನಂತರ ಬೂಟಿಗೆ ಪಾಲಿಶ್ ಹಾಕುವವರು ಬಟ್ಟೆ ಆಡಿಸುವಂತೆ ಬಿಗಿಯಾಗಿ ಅತ್ತಿತ್ತ ಎಳೆಯುತ್ತ ಬನ್ನಿ. ಮೊದಲ ಹತ್ತು ಎಳೆತಗಳಲ್ಲಿ ಏನೂ ಆಗುವುದಿಲ್ಲ. ಬಟ್ಟೆ ನುಣ್ಣಗೆ ಜಾರುತ್ತಿದ್ದರೆ ಅದು ದಂಡದ ತಪ್ಪು ಮಗ್ಗುಲಿನಲ್ಲಿದೆ. ಸರಿಯಾದ ಜಾಗಕ್ಕೆ ಬಂದಾಗ ಬಟ್ಟೆಯ ಒಂದು ಎಳೆ ಕಾಲಿನ ತುದಿಗೆ ಸಿಕ್ಕಿ, ಕೈಗೆ ಮೊಳೆ ತಾಗಿದಂತಹ ಸಣ್ಣ ತಡೆ ತಿಳಿಯುತ್ತದೆ. ಅಲ್ಲಿಗೆ ವೇಗ ಕಡಿಮೆ ಮಾಡಿ, ಬಟ್ಟೆಯನ್ನು ಕ್ಲಿಪ್ಪಿನ ಬೆನ್ನಿನ ದಿಕ್ಕಿಗೆ ಒತ್ತಿ ಆಡಿಸಿ. ಟಿಕ್ ಎಂಬ ಸದ್ದಾದರೆ ಕ್ಲಿಪ್ ಕಚ್ಚಿನಿಂದ ಎದ್ದಿದೆ ಎಂದರ್ಥ. ಆ ಸದ್ದಿನ ಹಿಂದೆಯೇ ಕ್ಲಿಪ್ ಎಲ್ಲಿಗೋ ಹಾರುತ್ತದೆ. ಆದ್ದರಿಂದ ಮೊದಲೇ ಹ್ಯಾಂಡಲಿನ ಮೇಲೆ ಹಳೆಯ ಟವೆಲೊಂದನ್ನು ಸಡಿಲವಾಗಿ ಇಳಿಬಿಟ್ಟು, ಸೀಟಿನ ಸಂದಿಯನ್ನೂ ಮುಚ್ಚಿಡಿ. ಕ್ಲಿಪ್ ಹುಡುಕುವುದರಲ್ಲಿ ನಾನು ಕಳೆದಿರುವ ಒಟ್ಟು ಸಮಯ ಕ್ಲಿಪ್ ತೆಗೆಯುವುದರಲ್ಲಿ ಕಳೆದದ್ದಕ್ಕಿಂತ ಹೆಚ್ಚು.

ಹ್ಯಾಂಡಲ್ ಬಂದ ಮೇಲೆ ಅದರ ಹಿಂದಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಎಸೆಯಬೇಡಿ. ತಿರುಗುವ ಲೋಹ ರೆಕ್ಸಿನ್ನನ್ನು ಉಜ್ಜದಂತೆ ಕಾಯುವುದು ಅದೇ. ಎಷ್ಟೋ ಹಳೆಯ ಪ್ಯಾಡುಗಳಲ್ಲಿ ಹ್ಯಾಂಡಲಿನ ಸುತ್ತ ಕಾಣುವ ಉಂಗುರದಾಕಾರದ ಸವೆತಕ್ಕೆ ಈ ಬಿಲ್ಲೆ ಕಳೆದುಹೋಗಿರುವುದೇ ಕಾರಣ.

ಅಡ್ಡ ಪಿನ್

ಇದಕ್ಕೆ ನಾಲ್ಕು ಕೈ ಬೇಕು. ಹ್ಯಾಂಡಲಿನ ಹಿಂದಿನ ಬಿಲ್ಲೆಯನ್ನು ಒಳಗಿನ ಸ್ಪ್ರಿಂಗ್ ಸದಾ ಹೊರಕ್ಕೆ ತಳ್ಳಿ, ಪಿನ್ನನ್ನು ಅದರ ಅಂಚಿನ ಮರೆಯಲ್ಲಿ ಇಟ್ಟಿರುತ್ತದೆ. ಒಬ್ಬರು ಬಿಲ್ಲೆಯನ್ನು ಎರಡೂ ಬದಿ ಸಮನಾಗಿ ಒತ್ತಿ ಹಿಡಿದರೆ ಪಿನ್ನಿನ ಎರಡೂ ತುದಿ ಬಯಲಿಗೆ ಬರುತ್ತವೆ. ಮೊದಲು ತುದಿಗಳಿಗೆ ಒಂದೊಂದು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದಷ್ಟು ಹೊತ್ತು ಕಾಯಿರಿ. ಎಣ್ಣೆ ಹರಿದು ಪ್ಯಾಡಿಗೆ ಕಲೆಯಾಗದಂತೆ ಕೆಳಗೆ ಬಟ್ಟೆ ಇರಲಿ. ಎರಡು ತುದಿಗಳ ದಪ್ಪದಲ್ಲಿ ವ್ಯತ್ಯಾಸವಿದ್ದರೆ ಪಿನ್ ಓರೆಯಾಗಿ ಸಣ್ಣಗಾಗುತ್ತ ಹೋಗುವ ಜಾತಿಯದು. ಅದನ್ನು ತೆಳು ತುದಿಯಿಂದಲೇ ಬಡಿಯಬೇಕು. ದಪ್ಪ ತುದಿಗೆ ಬಡಿದರೆ ಪ್ರತಿ ಏಟಿಗೂ ಇನ್ನಷ್ಟು ಬಿಗಿಯಾಗುತ್ತದೆ.

ಸುತ್ತಿಗೆಯ ಏಟು ಹಗುರವಾಗಿರಲಿ, ಆದರೆ ಚುರುಕಾಗಿರಲಿ. ಏಟು ಬೀಳುವಾಗ ಹ್ಯಾಂಡಲಿನ ಬುಡಕ್ಕೆ ಎದುರು ಬದಿಯಿಂದ ಮರದ ತುಂಡೊಂದನ್ನು ಆಸರೆ ಕೊಡದಿದ್ದರೆ ಅಷ್ಟೂ ಹೊಡೆತವನ್ನು ರೆಗ್ಯುಲೇಟರಿನ ದಂಡವೇ ನುಂಗಬೇಕಾಗುತ್ತದೆ. ಆಸರೆಯ ತುಂಡಿನಲ್ಲಿ ಪಿನ್ ಹೊರಬರಲು ಒಂದು ಗುಳಿ ಕೊರೆದಿಟ್ಟುಕೊಳ್ಳಿ. ಹತ್ತು ಹನ್ನೆರಡು ಏಟಿಗೂ ಪಿನ್ ಕದಲದಿದ್ದರೆ ಸುತ್ತಿಗೆ ಕೆಳಗಿಟ್ಟು ಮತ್ತೆ ಎಣ್ಣೆ ಹಾಕಿ, ರಾತ್ರಿ ಕಳೆದ ಮೇಲೆ ಮುಂದುವರಿಸಿ. ಪಿನ್ ಬಂದ ಕ್ಷಣ ಬಿಲ್ಲೆಯನ್ನು ಒಮ್ಮೆಲೇ ಬಿಟ್ಟರೆ ಸ್ಪ್ರಿಂಗ್ ಎಲ್ಲವನ್ನೂ ಎಸೆಯುತ್ತದೆ. ಕೈ ನಿಧಾನವಾಗಿ ಸಡಿಲಿಸಬೇಕು. ಬಿಲ್ಲೆಯೂ ಸ್ಪ್ರಿಂಗೂ ಯಾವ ಕ್ರಮದಲ್ಲಿ, ಯಾವ ಮುಖ ಹೊರಗಿದ್ದು ಬಂದವು ಎಂಬುದರ ಚಿತ್ರ ತೆಗೆದಿಡಿ.

ನಡುವಿನ ಸ್ಕ್ರೂ

ಮೂರರಲ್ಲಿ ಸುಲಭವಾದದ್ದು ಇದು. ಆದರೂ ಇದನ್ನು ಕೆಡಿಸುವವರ ಸಂಖ್ಯೆ ದೊಡ್ಡದು, ಮತ್ತು ಕಾರಣ ಯಾವಾಗಲೂ ಒಂದೇ: ಹೊಂದದ ತುದಿ. ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದಿಂದೀಚೆಗೆ ಪೋಜಿಡ್ರೈವ್ ತಲೆಯ ಸ್ಕ್ರೂಗಳು ಹೇರಳ. ಇವು ಕೂಡುಗೆರೆ (+) ಇರುವ ಸಾಮಾನ್ಯ ಫಿಲಿಪ್ಸ್ ತಲೆಯಂತೆಯೇ ಕಂಡರೂ ಆ ಗೆರೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರುಗಳಿರುತ್ತವೆ. ಜಪಾನಿನ ಹಳೆಯ ಕಾರುಗಳ ಕೂಡುಗೆರೆ ತಲೆ ಮತ್ತೊಂದು ಅಳತೆಯದು; ಅದರ ಮೇಲೆ ಒಂದು ಚುಕ್ಕೆ ಇರುವುದುಂಟು. ಫಿಲಿಪ್ಸ್ ಸ್ಕ್ರೂಡ್ರೈವರ್ ಈ ಎರಡರಲ್ಲೂ ಕೂರುವಂತೆ ತೋರಿ, ಬಲ ಹಾಕಿದಾಗ ಏರಿ ಜಾರುತ್ತದೆ. ಅಲೆನ್ ಸ್ಕ್ರೂವಾದರೆ ಅಂಗುಲ ಮತ್ತು ಮಿಲಿಮೀಟರ್ ಅಳತೆಗಳ ಗೊಂದಲ ಕಾಡುತ್ತದೆ. ಒಂದು ಅಂಗುಲದ 32ರಲ್ಲಿ 5 ಪಾಲು ಎಂದರೆ 3.97 ಮಿಲಿಮೀಟರ್, ಅಲ್ಲಿ 4 ಮಿಲಿಮೀಟರಿನ ಕೀ ಸೇರಿದರೂ ಸೇರೀತು. ಅಂಗುಲದ ಎಂಟನೇ ಒಂದು ಪಾಲು 3.175 ಮಿಲಿಮೀಟರ್, ಅಲ್ಲಿ 3 ಮಿಲಿಮೀಟರಿನ ಕೀ ಸಡಿಲವಾಗಿ ಸುತ್ತಿ ಮೂಲೆಗಳನ್ನು ದುಂಡಗೆ ಮಾಡುತ್ತದೆ. ಅಮೆರಿಕದ ಹಳೆಯ ಕಾರಿಗೆ ಅಂಗುಲದ ಕೀಗಳ ಸೆಟ್ಟನ್ನೇ ತೆಗೆದುಕೊಳ್ಳಿ.

ಬಿಚ್ಚುವ ಮುನ್ನ ಸ್ಕ್ರೂ ತಲೆಯ ಗೀರುಗಳಲ್ಲಿ ತುಂಬಿದ ಕೊಳೆ, ಪಾಲಿಶ್, ಹಳೆಯ ಬಣ್ಣವನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಒಂದು ಕೈಯಲ್ಲಿ ಹ್ಯಾಂಡಲನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಸ್ಕ್ರೂಡ್ರೈವರನ್ನು ದೇಹದ ಭಾರ ಹಾಕಿ ಒತ್ತುತ್ತ ಎಡಕ್ಕೆ ತಿರುಗಿಸಿ. ಒತ್ತುವ ಬಲ ತಿರುಗಿಸುವ ಬಲಕ್ಕಿಂತ ಹೆಚ್ಚಿರಬೇಕು. ಕದಲದಿದ್ದರೆ ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಮಾತ್ರ ಒಂದೆರಡು ನಿಮಿಷ ತಾಗಿಸಿ, ಆರಲು ಬಿಟ್ಟು, ಎಣ್ಣೆಯ ಹನಿಯಿಟ್ಟು ಮತ್ತೆ ಪ್ರಯತ್ನಿಸಿ. ಹಿಗ್ಗಿ ಕುಗ್ಗುವುದರಲ್ಲಿ ತುಕ್ಕಿನ ಹಿಡಿತ ಬಿರಿಯುತ್ತದೆ. ತಲೆ ಆಗಲೇ ಸವೆದಿದ್ದರೆ ಎಂಜಿನ್ ವಾಲ್ವ್ ಉಜ್ಜಲು ಬಳಸುವ ಗ್ರೈಂಡಿಂಗ್ ಪೇಸ್ಟನ್ನು ಸ್ಕ್ರೂಡ್ರೈವರಿನ ತುದಿಗೆ ಒಂದು ಚುಕ್ಕೆ ಹಚ್ಚಿ. ಅದರ ಮರಳು ಜಾರದಂತೆ ಕಚ್ಚಿ ಹಿಡಿಯುತ್ತದೆ. ಎಲ್ಲವೂ ಸೋತರೆ ಸ್ಕ್ರೂವಿನ ತಲೆಯನ್ನಷ್ಟೇ ಡ್ರಿಲ್ಲಿನಿಂದ ತೆಗೆದು, ಹ್ಯಾಂಡಲ್ ಕಳಚಿದ ಮೇಲೆ ಉಳಿದ ಮೋಟನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಬಹುದು.

ಸ್ಕ್ರೂ ಬಂದ ಮೇಲೂ ಹ್ಯಾಂಡಲ್ ಹಲ್ಲುಗಳಿಗೆ ಕಚ್ಚಿಕೊಂಡಿದ್ದರೆ ಎರಡೂ ಬದಿಯಿಂದ ಬುಡದ ಹಿಂದೆ ಪ್ಲಾಸ್ಟಿಕ್ ಬೆಣೆಗಳನ್ನು ಸಮನಾಗಿ ಒತ್ತುತ್ತ ಬನ್ನಿ. ಒಂದೇ ಬದಿಯಿಂದ ಒತ್ತಿದರೆ ಅದು ಮತ್ತೆ ಮೀಟಿದಂತೆಯೇ.

ಹೊರಗಿನ ಹಿಡಿ

ಒಳಗಿನವು ಬಂದು ಡೋರ್ ಪ್ಯಾಡ್ ಕಳಚಿದ ಮೇಲಷ್ಟೇ ಹೊರಗಿನ ಹಿಡಿಯ ಸರದಿ. ಪ್ಯಾಡಿನ ಹಿಂದಿರುವ ನೀರು ತಡೆಯುವ ಹಾಳೆಯನ್ನು ಹರಿಯದೆ, ಅಂಟನ್ನು ನಿಧಾನವಾಗಿ ಬಿಡಿಸಿ ಪಕ್ಕಕ್ಕೆ ಮಡಿಸಿ. ಹೆಚ್ಚಿನ ಕಾರುಗಳಲ್ಲಿ ಹೊರಹಿಡಿಯನ್ನು ಬಾಗಿಲಿನ ಒಳಗಿನಿಂದ ಎರಡು ನಟ್ ಅಥವಾ ಸ್ಕ್ರೂ ಹಿಡಿದಿರುತ್ತವೆ. ಕೆಲವಲ್ಲಿ ಒಂದು ಸ್ಕ್ರೂ ಬಾಗಿಲಿನ ಅಂಚಿನಲ್ಲಿ, ಲಾಕಿನ ಬಳಿ ಇರುತ್ತದೆ. ತೀರಾ ಹಳೆಯ ಕಾರುಗಳಲ್ಲಿ ಹೊರಹಿಡಿಯ ಚೌಕ ದಂಡವೇ ಲಾಕಿನೊಳಗಿಂದ ಹಾದು ಒಳಹಿಡಿಯನ್ನು ಸೇರುವುದರಿಂದ, ಒಳಗಿನದು ಬಂದರೆ ಹೊರಗಿನದರ ಕೆಲಸ ಅರ್ಧ ಮುಗಿದಂತೆ.

ನಟ್ಟುಗಳಿಗೆ ಕೈ ಹಾಕುವ ಮೊದಲು ಹೊರಗಡೆ ಹಿಡಿಯ ಸುತ್ತ ಬಣ್ಣದ ಮೇಲೆ ಟೇಪ್ ಅಂಟಿಸಿ. ಸ್ಪ್ಯಾನರಿನ ಬಾಯಿಗೆ ಟೇಪಿನ ಚೂರೊಂದನ್ನು ಅಂಟಿಸಿಕೊಂಡರೆ ಸಡಿಲಾದ ನಟ್ ಬಾಗಿಲಿನ ತಳಕ್ಕೆ ಬೀಳುವುದಿಲ್ಲ. ಬಿದ್ದರೆ ಅಯಸ್ಕಾಂತ ಬಿಟ್ಟು ಎತ್ತಲೇಬೇಕು. ಒಮ್ಮೆ ನಾನು ಹೋಗಲಿ ಬಿಡು ಎಂದು ಬಿಟ್ಟ ಒಂದು ವಾಷರ್, ಬಾಗಿಲು ಹಾಕಿದಾಗಲೆಲ್ಲ ಗೆಜ್ಜೆಯಂತೆ ಸದ್ದು ಮಾಡಿ, ಕೊನೆಗೆ ನೀರು ಹರಿದುಹೋಗುವ ರಂಧ್ರವನ್ನೇ ಮುಚ್ಚಿ ಕುಳಿತಿತ್ತು.

ಲಾಕಿಗೆ ಹೋಗುವ ಕಡ್ಡಿಗಳಿದ್ದರೆ ಅವುಗಳ ತುದಿಯ ಕ್ಲಿಪ್ ತಿರುಗಿಸಿ ಬಿಡಿಸಬೇಕು. ಕಡ್ಡಿಯನ್ನು ಬಾಗಿಸಿ ಎಳೆದರೆ ಅದರ ಅಳತೆ ಕೆಟ್ಟು ಮುಂದೆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ನಟ್ಟುಗಳೆಲ್ಲ ಬಂದರೂ ಹಿಡಿ ಅಲುಗದಿದ್ದರೆ, ಅದರಡಿಯ ರಬ್ಬರ್ ಪ್ಯಾಕಿಂಗ್ ಬಣ್ಣಕ್ಕೆ ಅಂಟಿಕೊಂಡಿದೆ ಎಂದು ತಿಳಿಯಿರಿ. ಗಾಳಕ್ಕೆ ಬಳಸುವ ನೈಲಾನ್ ದಾರವನ್ನು ರಬ್ಬರಿನ ಹಿಂದೆ ಹಾಯಿಸಿ ಗರಗಸದಂತೆ ಎಳೆದರೆ ಬಣ್ಣಕ್ಕೆ ಗೀರು ಬೀಳದೆ ಬಿಟ್ಟುಕೊಳ್ಳುತ್ತದೆ.

ಮತ್ತೆ ಕೂರಿಸುವುದು

ತೆಗೆದ ಕ್ಲಿಪ್ಪನ್ನು ಹೊಸ ಕ್ಲಿಪ್ಪಿನ ಪಕ್ಕದಲ್ಲಿಟ್ಟು ನೋಡಿ. ಕಾಲುಗಳು ಅಗಲವಾಗಿದ್ದರೆ ಹಳೆಯದನ್ನು ಬಿಡಿ. ಹ್ಯಾಂಡಲಿನ ರಂಧ್ರದ ಹಲ್ಲುಗಳನ್ನೂ ಪರೀಕ್ಷಿಸಿ. ದಂಡ ಉಕ್ಕಿನದು, ಹ್ಯಾಂಡಲ್ ಮೆದು ಸತುವಿನದು, ಸವೆಯುವುದು ಎರಡನೆಯದೇ. ಹಲ್ಲುಗಳು ನುಣುಪಾಗಿದ್ದರೆ ಹೊಸ ಹ್ಯಾಂಡಲ್ ತರುವುದಲ್ಲದೆ ಬೇರೆ ಪರಿಹಾರವಿಲ್ಲ. ದಂಡದ ಹಲ್ಲುಗಳಿಗೆ ಬಿಳಿ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿದರೆ ಮುಂದಿನ ಬಾರಿ ತೆಗೆಯುವುದು ಹಗುರ. ಹೆಚ್ಚಾದರೆ ಬಿಸಿಲಿಗೆ ಹರಿದು ರೆಕ್ಸಿನ್ನಿಗೆ ಕಲೆಯಾಗುತ್ತದೆ.

ಕ್ಲಿಪ್ಪಿನ ಬಗೆಯಲ್ಲಿ ಮೊದಲು ಕ್ಲಿಪ್ಪನ್ನು ಹ್ಯಾಂಡಲಿನ ತೋಡಿನಲ್ಲಿ ಕೂರಿಸಿ, ಬಿಲ್ಲೆಯನ್ನು ದಂಡಕ್ಕೆ ಹಾಕಿ, ಚಿತ್ರದಲ್ಲಿದ್ದ ಕೋನಕ್ಕೆ ಹ್ಯಾಂಡಲನ್ನು ಹೊಂದಿಸಿ ಅಂಗೈಯಿಂದ ಗುದ್ದಿದರೆ ಕ್ಲಿಪ್ ತಾನೇ ಕಚ್ಚಿಗೆ ಇಳಿಯುತ್ತದೆ. ಅನಂತರ ಗಟ್ಟಿಯಾಗಿ ಎಳೆದು ನೋಡಿ. ಎಳೆದು ನೋಡಬೇಕಾದ ಸಮಯ ಇದೊಂದೇ. ಸ್ಕ್ರೂವಿನ ಬಗೆಯಲ್ಲಿ ಬರಿಗೈಯ ಬಿಗಿತ ಸಾಕು.

ಬಾಗಿಲನ್ನು ಮಾತ್ರ ಇನ್ನೂ ಮುಚ್ಚಬೇಡಿ. ಕಡ್ಡಿ ಸರಿಯಾಗಿ ಕೂಡದೆ ಬಾಗಿಲು ಮುಚ್ಚಿಕೊಂಡರೆ, ಒಳಗಿನಿಂದಲೂ ಹೊರಗಿನಿಂದಲೂ ತೆರೆಯಲಾಗದೆ, ಮುಚ್ಚಿದ ಬಾಗಿಲಿನಲ್ಲೇ ಡೋರ್ ಪ್ಯಾಡ್ ಕಳಚುವ ಫಜೀತಿ ಎದುರಾಗುತ್ತದೆ. ಬಾಗಿಲು ತೆರೆದಿರುವಾಗಲೇ ಅಂಚಿನ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದಾಗಿನ ಸ್ಥಿತಿಗೆ ತನ್ನಿ. ಒಳಹಿಡಿ ಎಳೆಯಿರಿ, ನಾಲಿಗೆ ಬಿಡಬೇಕು. ಮತ್ತೆ ಒತ್ತಿ ಹೊರಹಿಡಿಯಿಂದ ಬಿಡಿಸಿ. ಇನ್ನೊಮ್ಮೆ ಒತ್ತಿ, ಕೀಲಿ ಹಾಕಿ ತೆಗೆದು ನೋಡಿ. ಮೂರು ಸಲವೂ ನಾಲಿಗೆ ತಡವರಿಸದೆ ಬಿಟ್ಟರೆ ಮಾತ್ರ ಬಾಗಿಲು ಹಾಕಿ.